ಹೊಳೇಲಿ ದೋಣಿ ನಿಲ್ಸೋಕೆ ಕಲ್ತಿದ್ದು

2019ರ ಆಗಸ್ಟ್‌ನಲ್ಲಿ ಕೊಡಗಿನ ಕರಡಿಗೋಡು, ನೆಲ್ಯಹುದಿಕೇರಿ ಕಡೆ ಕಾವೇರಿ ಉಕ್ಕಿದಾಗ ನಮ್ಮ ಹಿತ್ತಲಲ್ಲೂ ಸೊಂಟದ ಮಟ್ಟ ನೀರು, ಪಕ್ಕದ ಲೈನ್‌ಮನೆಯ ತೋಟದ ಕೆಲಸದವರನ್ನ ಯಾರೋ ಬಂದು ದೋಣಿಲಿ ಕರ್ಕೊಂಡು ಹೋದ್ರು, ಹೊಳೆ ದಡದಲ್ಲೇ ಹುಟ್ಟಿ ಬೆಳೆದ ನಾನು ಜಗಲಿಲಿ ನಿಂತು ನೋಡಿದ್ದಷ್ಟೇ. ಜೀಪು, ಟ್ರ್ಯಾಕ್ಟರ್ ಎಲ್ಲಾ ಓಡಿಸ್ತೀನಿ, ದೋಣಿ ಮುಟ್ಟಿದವನೇ ಅಲ್ಲ. ಅದು ಮನಸ್ಸಲ್ಲಿ ಕೊರೀತಾ ಇತ್ತು. ಎರಡು ವರ್ಷ ಬಿಟ್ಟು 14 ಅಡಿದು ಒಂದು ಹಳೇ ಫೈಬರ್ ದೋಣಿ, 8 ಎಚ್‌ಪಿ ಮೋಟಾರ್ ಸಮೇತ ಸೆಕೆಂಡ್ ಹ್ಯಾಂಡ್ ತಗೊಂಡೆ. ಹೇಳಿಕೊಟ್ಟಿದ್ದು ನಮ್ಮ ಕಡೆ ಮೀನು ಹಿಡಿಯೋ ಒಬ್ರು ವಯಸ್ಸಾದ ಇಕ್ಕ (ಮಲಯಾಳದಲ್ಲಿ ಅಣ್ಣ ಅಂದ ಹಾಗೆ).

ಮಳೆಗಾಲದಲ್ಲಿ ಹೊಳೆಗಿಳಿಯೋ ಮಾತೇ ಇಲ್ಲ ಅಂದ್ರು. ಡಿಸೆಂಬರ್ ಮೇಲೆ ನೀರು ಇಳಿದಾಗ ಶುರು ಮಾಡಿದ್ವಿ, ಅದೂ ಭಾನುವಾರ ಮಾತ್ರ, ಯಾಕಂದ್ರೆ ಅದು ಕಾಫಿ ಕುಯ್ಲಿನ ಟೈಮು.

ಓಡ್ಸೋದು ಅರ್ಧ ಗಂಟೇಲಿ ಬಂತು. ಹಿಂದೆ ಕೂತು ಹ್ಯಾಂಡಲ್ ಬಲಕ್ಕೆ ತಳ್ಳಿದ್ರೆ ದೋಣಿ ಮೂತಿ ಎಡಕ್ಕೆ ಹೋಗುತ್ತೆ, ಟ್ರೇಲರ್ ಹಾಕ್ಕೊಂಡು ಟ್ರ್ಯಾಕ್ಟರ್ ರಿವರ್ಸ್ ತೆಗ್ದವರಿಗೆ ಇದು ಹೊಸದಲ್ಲ. ಇಂಜಿನ್‌ಗೆ ಸಿಗಿಸಿರೋ ಕೆಂಪು ಸುರುಳಿ ದಾರದ ಇನ್ನೊಂದು ತುದಿ ಕೈಗೆ ಸಿಗಿಸ್ಕೋಬೇಕು, ನಾವು ನೀರಿಗೆ ಬಿದ್ರೆ ಅದು ಕಿತ್ಕೊಂಡು ಇಂಜಿನ್ ಆಫ್ ಆಗುತ್ತೆ. ಲೈಫ್ ಜಾಕೆಟ್ ಬಗ್ಗೆ ಹೇಳೋದೇ ಬೇಡ, ಅಮ್ಮ ದಡದಲ್ಲೇ ನಿಂತು ಚೆಕ್ ಮಾಡ್ತಿದ್ರು.

ಕಷ್ಟ ಇದ್ದಿದ್ದೆಲ್ಲ ನಿಲ್ಲಿಸೋದ್ರಲ್ಲಿ. ಬ್ರೇಕ್ ಇಲ್ಲ. ನ್ಯೂಟ್ರಲ್‌ಗೆ ಹಾಕಿದ್ರೂ ಜಾರ್ಕೊಂಡು ಹೋಗ್ತಾನೇ ಇರುತ್ತೆ, ಮೇಲಿಂದ ನ್ಯೂಟ್ರಲಲ್ಲಿ ಹ್ಯಾಂಡಲ್ ಎಷ್ಟು ತಿರುಗಿಸಿದ್ರೂ ಸರಿಯಾಗಿ ಕೇಳಲ್ಲ, ಯಾಕಂದ್ರೆ ಮೋಟಾರಿನ ಫ್ಯಾನ್ ನೀರನ್ನ ತಳ್ಳಿದ್ರೇನೇ ದೋಣಿ ತಿರುಗೋದು. ಅದಕ್ಕೆ ಚೂರು ಗೇರ್, ಮತ್ತೆ ನ್ಯೂಟ್ರಲ್, ಮತ್ತೆ ಚೂರು ಗೇರ್, ಹಿಂಗೆ ಹೋಗ್ಬೇಕು. ಇಕ್ಕ ಐದು ಲೀಟರಿನ ಖಾಲಿ ಎಣ್ಣೆ ಕ್ಯಾನಿಗೆ ಕಲ್ಲು ಕಟ್ಟಿ ಹೊಳೆ ಮಧ್ಯ ಬಿಟ್ರು. ಅದರ ಪಕ್ಕ ಹೋಗಿ ನಿಲ್ಲಿಸಿ ಕೈಲಿ ಮುಟ್ಟಬೇಕು, ಡಿಕ್ಕಿ ಹೊಡೀಬಾರದು. ಮೊದಲ ಭಾನುವಾರ ಎಷ್ಟು ಸಲ ಹೋದ್ನೋ ಲೆಕ್ಕ ಇಲ್ಲ, ಮುಟ್ಟಿದ್ದು ಎರಡೇ ಸಲ. ಹರಿವಿನ ಜೊತೆ ಬಂದ್ರೆ ಕ್ಯಾನ್ ದಾಟಿ ಹೋಗ್ತೀವಿ, ಮೂತಿ ಹರಿವಿಗೆ ಎದುರು ಇಟ್ಟು ಮೆಲ್ಲಗೆ ಏರಿದ್ರೆ ನೀರೇ ನಮ್ಮನ್ನ ತಡೆಯುತ್ತೆ. ಇದು ತಲೆಗೆ ಹೋಗೋಕೆ ಮೂರು ವಾರ ಹಿಡೀತು.

ಕ್ಯಾನ್ ಪಾಸಾಯ್ತು ಅಂತ ಖುಷೀಲಿ ದೋಣಿನ ಹೊಳೆಗಿಳಿಯೋ ನಮ್ಮ ಮೆಟ್ಟಿಲಿಗೆ ತಂದೆ. ಮೂತಿ ಹರಿವಿಗೆ ಎದುರು, ಸ್ಪೀಡ್ ಕಮ್ಮಿ, ಎಲ್ಲಾ ಪಾಠದ ಪ್ರಕಾರವೇ. ದಡ ಇನ್ನೇನು ಎರಡು ಮಾರು ಅನ್ನುವಾಗ ದೋಣಿ ತಾನಾಗೇ ಮುಂದಕ್ಕೆ ನುಗ್ಗಿ ಕಲ್ಲಿಗೆ ಠಕ್ ಅಂತ ಹೊಡೀತು, ಫೈಬರ್ ಬಿರುಕು, ಇಕ್ಕನ ಬಾಯಲ್ಲಿದ್ದ ಬೀಡಿ ನೀರಿಗೆ. ಬೈತಾರೆ ಅಂದ್ಕೊಂಡೆ. ಅವರು ಮೇಲೆ ಹೋಗಿ ಒಂದು ಮುಷ್ಟಿ ಕಾಫಿ ಸಿಪ್ಪೆ ತಂದು ಮೆಟ್ಟಿಲ ಹತ್ರ ಎರಚಿದ್ರು, 'ನೋಡು ಮೋನೆ (ಮಗನೇ)' ಅಂತ. ದೂರ ಬಿದ್ದ ಸಿಪ್ಪೆ ಹರಿವಿನ ಜೊತೆ ಕೆಳಕ್ಕೆ, ದುಬಾರೆ ಕಡೆಗೆ ಹೋಗ್ತಾ ಇತ್ತು, ದಡದ ಹತ್ರದ್ದು ನಿಧಾನಕ್ಕೆ ಉಲ್ಟಾ, ಮೇಲಕ್ಕೆ! ನಮ್ಮ ಮೆಟ್ಟಿಲ ಮೇಲ್ಗಡೆ ಬಿದಿರುಮೆಳೆ ಇರೋ ದಿಣ್ಣೆ ಹೊಳೆಗೆ ಚಾಚ್ಕೊಂಡಿದೆ, ಅದರ ಮರೇಲಿ ನೀರು ಸುತ್ತಿ ವಾಪಸ್ ಬರುತ್ತೆ. ನಾನು ಎದುರು ನೀರು ಅಂದ್ಕೊಂಡು ಬಂದಿದ್ದು ಅಲ್ಲಿಗೆ ಬರೋ ಹೊತ್ತಿಗೆ ಹಿಂದಿಂದ ತಳ್ಳೋ ನೀರಾಗಿತ್ತು. ಇಷ್ಟು ವರ್ಷ ಅದೇ ಮೆಟ್ಟಿಲಲ್ಲಿ ಸ್ನಾನ ಮಾಡ್ದವನಿಗೆ ಇದು ಗೊತ್ತೇ ಇರ್ಲಿಲ್ಲ ನೋಡಿ. ಈಗ್ಲೂ ಗೊತ್ತಿಲ್ಲದ ಜಾಗ ಆದ್ರೆ ಮೊದಲು ನೊರೆ, ಎಲೆ ಯಾವ ಕಡೆ ಹೋಗ್ತಿದೆ ಅಂತ ನೋಡ್ದೆ ದಡಕ್ಕೆ ಹೋಗಲ್ಲ.

ಹಗ್ಗದ್ದು ಇನ್ನೊಂದು ಕಥೆ. ಹರಿಯೋ ನೀರಲ್ಲಿ ಮೂತಿ ಹರಿವಿಗೆ ಎದುರು ಇದ್ರೆ ಮೂತಿ ಹಗ್ಗಾನೇ ಮೊದಲು ಕಟ್ಟಬೇಕು, ಹಿಂದಿಂದು ಮೊದಲು ಕಟ್ಟಿದ್ರೆ ನೀರು ಮೂತಿನ ಹಿಡಿದು ದೋಣಿನ ಅಡ್ಡ ತಿರುಗಿಸಿಬಿಡುತ್ತೆ. ಬಿಗಿಯಾಗಿ ಕಟ್ಟಿ ಮನೆಗೆ ಹೋಗೋದೂ ತಪ್ಪು. ಅಕ್ಟೋಬರಲ್ಲಿ ಒಂದಿನ ನಮ್ಮಲ್ಲಿ ಬಿಸಿಲು, ಹೊಳೆ ಮೇಲ್ಗಡೆ ಭಾಗಮಂಡಲದ ಕಡೆ ಜೋರು ಮಳೆ, ಬೆಳಗ್ಗೆ ನೋಡಿದ್ರೆ ಹೊಳೆ ಏರಿದೆ, ಗಿಡ್ಡ ಹಗ್ಗ ಜಗ್ಗಿ ಜಗ್ಗಿ ಮೂತಿ ನೀರೊಳಗೆ ಹೋಗೋದ್ರಲ್ಲಿತ್ತು, ಕತ್ತೀಲಿ ಕಡಿದು ಬಿಡಿಸ್ದೆ. ಈಗ ಉದ್ದ ಬಿಟ್ಟು ಹೊನ್ನೆ ಮರಕ್ಕೆ ಕಟ್ತೀನಿ, ಪಕ್ಕಕ್ಕೆ ಜೀಪಿನ ಹಳೇ ಟೈರ್ ಎರಡು ನೇತುಹಾಕಿದೀನಿ.

ಹಗಲು ಹೊತ್ತು ಈಗ ಹತ್ತಕ್ಕೆ ಒಂಬತ್ತು ಸಲ ಮೊದಲ ಸಲಕ್ಕೇ ಬರುತ್ತೆ, ಬರ್ಲಿಲ್ಲ ಅಂದ್ರೆ ಒದ್ದಾಡದೆ ವಾಪಸ್ ಹೊಳೆ ಮಧ್ಯಕ್ಕೆ ಹೋಗಿ ಇನ್ನೊಂದು ಸಲ ಬರ್ತೀನಿ. ಕತ್ತಲಲ್ಲಿ ಮಾತ್ರ ಇನ್ನೂ ಮಾಡಿಲ್ಲ. 'ರಾತ್ರಿ ಬೇಡ ಮೋನೆ, ಸಿಪ್ಪೆ ಕಾಣಲ್ಲ' ಅಂತಾರೆ ಇಕ್ಕ. ಆವತ್ತು ಹಿತ್ತಲಿಗೆ ನೀರು ಬಂದಿದ್ದು ರಾತ್ರೀನೇ ಅಂತ ನಾನು. ಈ ಡಿಸೆಂಬರ್‌ಗೆ ನೋಡೋಣ ಅಂದಿದಾರೆ, ಟಾರ್ಚು ನಂದು, ಬೀಡಿ ಖರ್ಚೂ ನಂದೇ ಅಂತೆ.