ಮೇಲ್ಸೇತುವೆ ಬಂದ ಮೇಲೆ ದಟ್ಟಣೆ, ಗಾಳಿ ಏನಾಯಿತೆಂದು ಅಳೆಯುವ ಬಗೆ

ಬೆಂಗಳೂರಿನ ರಾಗಿಗುಡ್ಡದಿಂದ ಸಿಲ್ಕ್ ಬೋರ್ಡ್ ಕಡೆಗೆ ಸಾಗುವ ಡಬಲ್ ಡೆಕರ್ ಮೇಲ್ಸೇತುವೆಯ ರಸ್ತೆ 2024ರ ಜುಲೈನಲ್ಲಿ ಸಂಚಾರಕ್ಕೆ ತೆರೆಯಿತು. ಅದರ ಮೇಲಂತಸ್ತಿನ ಮೆಟ್ರೋ ಹಳದಿ ಮಾರ್ಗ ಆರಂಭವಾದದ್ದು 2025ರ ಆಗಸ್ಟ್‌ನಲ್ಲಿ. ಇಂಥ ಯೋಜನೆಯ ಫಲವನ್ನು ಅಳೆಯಹೊರಟ ನಿವಾಸಿಗಳು ಮೊದಲು ಈ ದಿನಾಂಕಗಳನ್ನು ಬರೆದಿಟ್ಟುಕೊಳ್ಳಬೇಕು, ಏಕೆಂದರೆ ಎರಡನೆಯದರ ನಂತರ ಕಾಣುವ ಬದಲಾವಣೆಯಲ್ಲಿ ರಸ್ತೆಯ ಪಾಲೆಷ್ಟು, ರೈಲಿನ ಪಾಲೆಷ್ಟು ಎಂದು ಬಿಡಿಸುವುದು ಕಷ್ಟ. ಕಾಮಗಾರಿಯ ಕಾಲವನ್ನು ‘ಮೊದಲಿನ ಸ್ಥಿತಿ’ ಎಂದು ಹಿಡಿಯುವುದೂ ತಪ್ಪು. ಬ್ಯಾರಿಕೇಡುಗಳಿಂದ ಕಿರಿದಾಗಿ ಧೂಳೆದ್ದ ರಸ್ತೆಯೊಂದಿಗೆ ಹೋಲಿಸಿದರೆ ಯಾವ ಯೋಜನೆಯಾದರೂ ಗೆದ್ದಂತೆಯೇ ಕಾಣುತ್ತದೆ.

ವಾಹನಗಳನ್ನು ಮಂಗಳವಾರದಿಂದ ಗುರುವಾರದವರೆಗೆ, ಶಾಲೆಗಳಿಗೆ ರಜೆ ಇಲ್ಲದ ವಾರಗಳಲ್ಲಿ, ಬೆಳಿಗ್ಗೆ 8ರಿಂದ 11 ಮತ್ತು ಸಂಜೆ 5ರಿಂದ 8ರವರೆಗೆ ಎಣಿಸಿರಿ. ಬೈಕು, ಆಟೋ, ಕಾರು, ಬಸ್ಸು, ಲಾರಿಗಳನ್ನು ಬೇರೆ ಬೇರೆಯಾಗಿ ಗುರುತಿಸಿ, ಅವುಗಳಲ್ಲಿ ಸಾಗಿದ ಜನರನ್ನೂ ಅಂದಾಜಿಸಿರಿ. ರಸ್ತೆ ಇರುವುದು ಜನರಿಗಾಗಿ. ಸೇತುವೆ ಇಳಿದ ಮೇಲಿನ ಸಿಗ್ನಲ್‌ನಲ್ಲಿಯೂ ಎಣಿಕೆ ನಡೆಯಲೇಬೇಕು, ಏಕೆಂದರೆ ಇಲ್ಲಿ ಕರಗಿದ ಸಾಲು ಅನೇಕ ವೇಳೆ ಅಲ್ಲಿ ಬೆಳೆದಿರುತ್ತದೆ.

ಗಾಳಿಯ ವಿಷಯದಲ್ಲಿ ಹೆಚ್ಚು ಎಚ್ಚರ ಬೇಕು. ನಿರಂತರ ಮಾಪನ ಕೇಂದ್ರಗಳ ಅಂಕಿಗಳನ್ನು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಜಾಲತಾಣದಿಂದ ಪಡೆಯಬಹುದು. 2009ರ ರಾಷ್ಟ್ರೀಯ ಮಾನದಂಡದಂತೆ ಪಿಎಂ 2.5 ಎಂಬ ಅತಿ ಸಣ್ಣ ಕಣಗಳ ವಾರ್ಷಿಕ ಸರಾಸರಿಯ ಮಿತಿ ಘನ ಮೀಟರಿಗೆ 40 ಮೈಕ್ರೋಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಸೂಚಿಸಿದ್ದು ಕೇವಲ 5. ಆದರೆ ಈ ಸೂಕ್ಷ್ಮ ಕಣಗಳಲ್ಲಿ ಬಹುಪಾಲು ಇಡೀ ಊರಿಂದಲೂ ಆಚೆಯಿಂದಲೂ ಬರುವುದರಿಂದ, ಒಂದು ರಸ್ತೆಯ ಗುರುತು ಅವುಗಳಲ್ಲಿ ಮಸುಕಾಗುತ್ತದೆ. ವಾಹನಗಳ ಹೊಗೆಗೆ ಹತ್ತಿರದ ಸಾಕ್ಷಿ ನೈಟ್ರೋಜನ್ ಡೈಆಕ್ಸೈಡ್, ಅದನ್ನೇ ಮುಖ್ಯವಾಗಿ ನೋಡಿರಿ. ಮುಂಗಾರಿನ ಮಳೆ ಗಾಳಿಯನ್ನು ತೊಳೆಯುತ್ತದೆ, ಚಳಿಗಾಲದ ಬೆಳಗಿನ ತಣ್ಣನೆಯ ಪದರ ಹೊಗೆಯನ್ನು ನೆಲದ ಬಳಿಯೇ ಹಿಡಿದಿಡುತ್ತದೆ. ಆದ್ದರಿಂದ ಜುಲೈಯನ್ನು ಜನವರಿಯೊಂದಿಗೆ ಅಲ್ಲ, ಇನ್ನೊಂದು ಜುಲೈಯೊಂದಿಗೆ ಹೋಲಿಸಬೇಕು. ಅದೂ ಸಾಲದು: ಯೋಜನೆಯಿಂದ ದೂರವಿರುವ ಮತ್ತೊಂದು ಕೇಂದ್ರದ ಅಂಕಿಗಳನ್ನು ಪಕ್ಕದಲ್ಲಿಟ್ಟು, ಎರಡರ ನಡುವಿನ ಅಂತರ ಹಿಗ್ಗಿತೋ ಕುಗ್ಗಿತೋ ಎಂದು ಗಮನಿಸಿರಿ. ಎರಡೂ ಕಡೆ ಒಂದೇ ಸಮನೆ ಇಳಿದಿದ್ದರೆ ಅದು ಬಹುಶಃ ಮಳೆಯಂಥ, ಎರಡೂ ಕಡೆಗೆ ಸಮಾನವಾದ ಕಾರಣದ ಕೊಡುಗೆಯೇ ಹೊರತು ಸೇತುವೆಯದಲ್ಲ.

ಇಷ್ಟೆಲ್ಲ ಮಾಡಿದ ಮೇಲೂ ಮೊದಲ ಮೂರು ತಿಂಗಳ ಅಂಕಿಗಳಿಂದ ತೀರ್ಮಾನಕ್ಕೆ ಬರಬಾರದು. ಹೊಸ ರಸ್ತೆಯಲ್ಲಿ ಸಮಯ ಉಳಿಯುವುದನ್ನು ಕಂಡವರು ಹಳೆಯ ದಾರಿಯನ್ನೂ ಬಸ್ಸನ್ನೂ ಬಿಟ್ಟು ಅತ್ತ ಬರುತ್ತಾರೆ. ಅಮೆರಿಕದ ನಗರಗಳನ್ನು ಪರಿಶೀಲಿಸಿ 2011ರಲ್ಲಿ ಪ್ರಕಟವಾದ, ಅರ್ಥಶಾಸ್ತ್ರಜ್ಞರಾದ ಡ್ಯುರಾಂಟನ್ ಮತ್ತು ಟರ್ನರ್ ಅವರ ಅಧ್ಯಯನವು, ಹೆದ್ದಾರಿ ಎಷ್ಟು ಪಾಲು ಹೆಚ್ಚಿತೋ ವಾಹನ ಸಂಚಾರವೂ ಹೆಚ್ಚುಕಡಿಮೆ ಅಷ್ಟೇ ಪಾಲು ಹೆಚ್ಚಿತೆಂದು ಕಂಡುಕೊಂಡಿತು. ನಮ್ಮ ಬೈಕುಗಳ ಊರಿಗೆ ಅದು ಯಥಾವತ್ತಾಗಿ ಅನ್ವಯಿಸಬೇಕೆಂದಿಲ್ಲ. ಹಾಗಾಗಿಯೇ ಒಂದು ವರ್ಷ ಕಳೆದ ಮೇಲೆ ಅದೇ ವಾರ, ಅದೇ ಮೂಲೆಯಲ್ಲಿ ನಿಂತು ಮತ್ತೊಮ್ಮೆ ಎಣಿಸಬೇಕು.