ಗೆಳೆಯರ ಜೊತೆ ಬಸ್ ಹತ್ತಿ, ಪುಣೆಯ ‘ಸವಾಯಿ’ ಕೇಳಿ ಬನ್ನಿ

ಕುಂದಗೋಳದ ಹಿಂದೂಸ್ತಾನಿ ಗಾಯಕ ಸವಾಯಿ ಗಂಧರ್ವರು ತೀರಿಕೊಂಡದ್ದು 1952ರಲ್ಲಿ. ಮರುವರ್ಷವೇ ಶಿಷ್ಯ ಭೀಮಸೇನ ಜೋಶಿ ಗುರುವಿನ ನೆನಪಿಗೆ ಪುಣೆಯಲ್ಲಿ ಸಂಗೀತೋತ್ಸವ ಶುರು ಮಾಡಿದರು. ಈಗ ಅದು ‘ಸವಾಯಿ ಗಂಧರ್ವ ಭೀಮಸೇನ ಮಹೋತ್ಸವ’. ಪ್ರತಿ ಡಿಸೆಂಬರ್‌ನಲ್ಲಿ ನಡೆಯುತ್ತದೆ. ಹುಬ್ಬಳ್ಳಿಯಿಂದ ಒಂದು ರಾತ್ರಿಯ ಬಸ್ ದಾರಿ ಅಷ್ಟೆ. ನಮ್ಮ ಸೀಮೆಯ ಗಾಯನಶೈಲಿಯನ್ನು ಅಷ್ಟು ದೊಡ್ಡ ಊರು ಹೇಗೆ ಎದೆಗೆ ಹಚ್ಚಿಕೊಂಡಿದೆ ಅಂತ ಒಮ್ಮೆ ಕೂತು ನೋಡಲೇಬೇಕು.

ಮೊದಲು ದಿನ ಆರಿಸಿ. ಉತ್ಸವ ಐದು ದಿನ ಇರುತ್ತದೆ, ಐದೂ ದಿನ ಕೇಳುವ ಹಟ ಬೇಡ. ಕಿವಿಗೂ ದಣಿವಾಗುತ್ತದೆ. ಕಲಾವಿದರ ಪಟ್ಟಿ ಬಂದ ಕೂಡಲೇ ಗೆಳೆಯರೆಲ್ಲ ಕೂತು ಎರಡು ದಿನ ಗೊತ್ತು ಮಾಡಿಕೊಳ್ಳಿ. ಶನಿವಾರ, ಭಾನುವಾರ ಆದರೆ ರಜೆಗೂ ಸುಲಭ.

ಆಮೇಲೆ ಬಸ್. ಬೆಂಗಳೂರಿನಿಂದ ಕೆಎಸ್ಸಾರ್ಟಿಸಿಯಲ್ಲಿ ಹೋಗುವವರು ಎಲ್ಲರ ಸೀಟನ್ನೂ ಒಂದೇ ಟಿಕೆಟ್‌ನಲ್ಲಿ ಬುಕ್ ಮಾಡಿ. ನಾಲ್ಕು ಜನ ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಶೇ 5 ರಿಯಾಯಿತಿ ಇದೆ. ಹೋಗಿಬರುವ ಟಿಕೆಟ್ ಒಟ್ಟಿಗೇ ತೆಗೆದರೆ ವಾಪಸ್ ಪ್ರಯಾಣಕ್ಕೆ ಶೇ 10 ಕಡಿಮೆ. ‘ಶಕ್ತಿ’ ಯೋಜನೆ ಹೊರರಾಜ್ಯದ ಬಸ್ಸಿಗೆ ಇಲ್ಲ, ಗೆಳತಿಯರಿಗೆ ಮೊದಲೇ ಹೇಳಿಬಿಡಿ. ಹಿಂದಿನ ಗಾಲಿಯ ಮೇಲಿನ ಸೀಟು ಬೇಡ, ನಿದ್ದೆ ಕೆಟ್ಟರೆ ಸಂಜೆ ಸಂಗೀತವೂ ಕೆಟ್ಟಂತೆ. ಕಡಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಳ್ಳಿ, ನಡುರಾತ್ರಿ ಢಾಬಾದ ಊಟಕ್ಕಿಂತ ಅದೇ ವಾಸಿ. ಬೆಳಗಾವಿ, ಕೊಲ್ಹಾಪುರ, ಸಾತಾರಾ ದಾಟಿ ಖಂಬಾಟಕಿ ಘಾಟ್ ಬಂತೆಂದರೆ ಗೆಳೆಯರನ್ನು ಎಬ್ಬಿಸಿ.

ಪುಣೆಯ ಸ್ವಾರಗೇಟ್‌ನಲ್ಲಿ ಇಳಿಯಿರಿ. ಉತ್ಸವ ನಡೆಯುವ ಮುಕುಂದನಗರದ ಮೈದಾನ ಅಲ್ಲಿಂದ ಹತ್ತಿರ. ರೂಮೂ ಅದೇ ಸುತ್ತಲಲ್ಲಿ ಹಿಡಿದರೆ ರಾತ್ರಿ ಆಟೋಗೆ ಅಲೆಯುವುದು ತಪ್ಪುತ್ತದೆ.

ಟಿಕೆಟ್ ಎರಡು ಬಗೆ: ಕುರ್ಚಿ ಮತ್ತು ನೆಲದ ಬೈಠಕ್. ಮಂಡಿನೋವು ಇಲ್ಲದಿದ್ದರೆ ಬೈಠಕ್ಕೇ ತೆಗೆದುಕೊಳ್ಳಿ. ಅಲ್ಲಿ ಪಕ್ಕದ ಅಜ್ಜ ತೊಡೆಯ ಮೇಲೆ ಬೆರಳಿನಲ್ಲಿ ತಾಳ ಎಣಿಸುತ್ತಿರುತ್ತಾರೆ. ತಾನ್ (ಸ್ವರಗಳ ವೇಗದ ಓಟ) ಸುತ್ತಿ ಸುತ್ತಿ ಸಮಕ್ಕೆ, ಅಂದರೆ ತಾಳದ ಮೊದಲ ಪೆಟ್ಟಿಗೆ, ಬಂದು ಕೂತಾಗ ಇಡೀ ಸಾಲಿನ ತಲೆ ಒಟ್ಟಿಗೆ ತೂಗುತ್ತದೆ. ತಾಳ ಗೊತ್ತಿಲ್ಲದ ಗೆಳೆಯನಿಗೂ ಆ ಕ್ಷಣ ಸಮ ಎಲ್ಲಿದೆ ಅಂತ ತಿಳಿದುಹೋಗುತ್ತದೆ. ಒಳ್ಳೆ ಜಾಗ ಬೇಕಾದರೆ ಮಧ್ಯಾಹ್ನವೇ ಹೋಗಿ. ಕೂರಲು ಒಂದು ಚಾದರ, ಹೊದೆಯಲು ಶಾಲು ಇರಲಿ, ಡಿಸೆಂಬರ್ ಚಳಿ ಸಂಜೆಗೇ ಶುರು.

ಬೇಗ ಹೋಗುವುದಕ್ಕೆ ಇನ್ನೊಂದು ಕಾರಣವೂ ಇದೆ. ದೊಡ್ಡ ಹೆಸರಿನವರು ಹಾಡುವುದು ಕೊನೆಗೆ, ಹೊಸಬರಿಗೆ ಸಿಗುವುದು ಮೊದಲ ಹೊತ್ತು. ಮುಲ್ತಾನಿ, ಭೀಮ್‌ಪಲಾಸಿಯಂಥ ಮಧ್ಯಾಹ್ನದ ರಾಗಗಳನ್ನು ಅವುಗಳ ಹೊತ್ತಿನಲ್ಲೇ ಕೇಳುವ ಅವಕಾಶ ಎಷ್ಟು ಕಛೇರಿಗಳಲ್ಲಿ ಇದೆ ಹೇಳಿ? ಹೊತ್ತು ಮುಳುಗುವಾಗ ಮಾರವಾ, ಕತ್ತಲಾದ ಮೇಲೆ ಯಮನ್. ಹಿಂದೆ ಇಲ್ಲಿ ಬೆಳಗಿನವರೆಗೂ ಹಾಡುತ್ತಿದ್ದರು. ಈಗ ಧ್ವನಿವರ್ಧಕದ ನಿಯಮದಿಂದಾಗಿ ಸಾಮಾನ್ಯವಾಗಿ ರಾತ್ರಿ 10ಕ್ಕೆ ಮುಗಿಯುತ್ತದೆ.

ವಿಲಂಬಿತ್, ಅಂದರೆ ನಿಧಾನ ಗತಿಯ ಹಾಡು, ನಡೆಯುವಾಗ ಎದ್ದು ಚಹಾಕ್ಕೆ ಹೋಗಬೇಡಿ, ರಾಗ ಮುಗಿಯಲಿ. ಮೊಬೈಲ್ ಎತ್ತಿ ಹಿಡಿದರೆ ಹಿಂದಿನವರಿಗೆ ಏನೂ ಕಾಣುವುದಿಲ್ಲ.

ಬೆಳಿಗ್ಗೆ ಬಿಡುವಿರುತ್ತದಲ್ವಾ? ಹಿಂದಿನ ರಾತ್ರಿ ಕೇಳಿದ ರಾಗವನ್ನೇ ಗಂಗೂಬಾಯಿ ಹಾನಗಲ್ಲರ ಹಳೆಯ ಧ್ವನಿಮುದ್ರಿಕೆಯಲ್ಲಿ ಹುಡುಕಿ, ಎಲ್ಲರೂ ಕೂತು ಕೇಳಿ. ಅವರೂ ಸವಾಯಿ ಗಂಧರ್ವರ ಶಿಷ್ಯೆ, ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿ ಪಾಠ ಹೇಳಿಸಿಕೊಂಡವರು.

ವಾಪಸ್ ಬಸ್ಸನ್ನು ಭಾನುವಾರ ತಡರಾತ್ರಿಗೇ ಬುಕ್ ಮಾಡಿ. ಕೊನೆಯ ಗಾಯನ ಮುಗಿದ ಮೇಲೆ ಸವಾಯಿ ಗಂಧರ್ವರದೇ ಹಳೆಯ ಧ್ವನಿಮುದ್ರಿಕೆ ಹಾಕಿ ಉತ್ಸವ ಮುಗಿಸುವುದು ಇಲ್ಲಿನ ವಾಡಿಕೆ. ಬಸ್ಸಿನ ಅವಸರಕ್ಕೆ ಅದನ್ನು ತಪ್ಪಿಸಿಕೊಳ್ಳಬೇಡಿ. ಸೋಮವಾರ ರಜೆ ಹಾಕಿದರಾಯಿತು.