ಮೊದಲು ಫಿಲ್ಮ್, ಆಮೇಲೆ ಕ್ಯಾಮೆರಾ: ಹಳೆಯ ಮತ್ತು ಹೊಸ ಇನ್‌ಸ್ಟಂಟ್ ಕ್ಯಾಮೆರಾಗಳನ್ನು ಹೋಲಿಸುವುದು ಹೇಗೆ?

ಇನ್‌ಸ್ಟಂಟ್ ಫೋಟೊದ ಕೆಳಗಿನ ಬಿಳಿ ಅಂಚು ಉಳಿದ ಮೂರು ಬದಿಗಳಿಗಿಂತ ಅಗಲವಾಗಿರುತ್ತದೆ. ಅದು ಅಂದಕ್ಕೆಂದು ಬಿಟ್ಟ ಜಾಗವಲ್ಲ. ಆ ಅಂಚಿನೊಳಗೆ ರಾಸಾಯನಿಕ ಪೇಸ್ಟ್ ತುಂಬಿದ ಪುಟ್ಟ ಪೊಟ್ಟಣ ಇರುತ್ತದೆ. ಬಟನ್ ಒತ್ತಿದ ಮೇಲೆ ಈ ಅಂಚೇ ಮೊದಲು ಎರಡು ರೋಲರ್‌ಗಳ ನಡುವೆ ಹೋಗುತ್ತದೆ. ಪೊಟ್ಟಣ ಒಡೆದು, ಹಾಳೆ ಹೊರಬರುತ್ತಿದ್ದಂತೆ ಪೇಸ್ಟ್ ಪದರಗಳ ನಡುವೆ ತೆಳ್ಳಗೆ ಹರಡಿಕೊಳ್ಳುತ್ತದೆ. ಡಾರ್ಕ್‌ರೂಮಿನಲ್ಲಿ ನಡೆಯಬೇಕಾದ ಕೆಲಸವೆಲ್ಲ ಆ ಒಂದು ಹಾಳೆಯೊಳಗೇ ನಡೆದುಹೋಗುತ್ತದೆ.

ಹೀಗಾಗಿ ಇಲ್ಲಿ ಕ್ಯಾಮೆರಾದ ಪಾಲಿಗೆ ಉಳಿಯುವುದು ಮೂರೇ ಕೆಲಸ: ಬೆಳಕನ್ನು ಅಳೆದು ಒಳಗೆ ಬಿಡುವುದು, ಫೋಕಸ್ ಮಾಡುವುದು, ಹಾಳೆಯನ್ನು ಒಂದೇ ಒತ್ತಡದಲ್ಲಿ ಹೊರಗೆ ತಳ್ಳುವುದು. ಬಣ್ಣ, ಕಾಂಟ್ರಾಸ್ಟ್, ಚಿತ್ರದ ಅಳತೆ ಎಲ್ಲವೂ ಫಿಲ್ಮಿನದೇ. ಹಳೆಯದು ಕೊಳ್ಳಲೋ ಹೊಸದು ಕೊಳ್ಳಲೋ ಎಂದು ಯೋಚಿಸುವವರು ಬಹಳ ಸಲ ಕ್ಯಾಮೆರಾದ ರೂಪಕ್ಕೆ ಮನಸೋತು ಫಿಲ್ಮಿನ ವಿಚಾರವನ್ನು ಕೊನೆಗೆ ಕೇಳುತ್ತಾರೆ. ಹೋಲಿಕೆ ಶುರುವಾಗಬೇಕಾದ್ದು ಫಿಲ್ಮಿನಿಂದಲೇ.

ಹಂತ 1: ಈ ಕ್ಯಾಮೆರಾಗೆ ಇಂದು ಫಿಲ್ಮ್ ತಯಾರಾಗುತ್ತಿದೆಯೇ?

ಎಡ್ವಿನ್ ಲ್ಯಾಂಡ್ ಅವರ ಪೋಲರಾಯ್ಡ್ ಕಂಪನಿ ಮೊದಲ ಇನ್‌ಸ್ಟಂಟ್ ಕ್ಯಾಮೆರಾವನ್ನು ಮಾರಾಟಕ್ಕೆ ತಂದದ್ದು 1948ರಲ್ಲಿ. ಆಗಿನಿಂದ ಬಂದ ಕ್ಯಾಮೆರಾಗಳಲ್ಲಿ ಎಷ್ಟೋ ಮಾದರಿಗಳು ನೋಡಲು ಹೊಸದರಂತಿದ್ದರೂ ಫಿಲ್ಮ್ ಇಲ್ಲದೆ ಕಪಾಟು ಸೇರಿವೆ. ಆದ್ದರಿಂದ ಮೊದಲು ಬಿಡಬೇಕಾದವನ್ನು ಪಟ್ಟಿಯಿಂದ ತೆಗೆದುಹಾಕಿ.

ಹಾಳೆಯನ್ನು ಎಳೆದು, ಪದರ ಸುಲಿದು ಚಿತ್ರ ತೆಗೆಯುವ ಪ್ಯಾಕ್ ಫಿಲ್ಮ್ ಕ್ಯಾಮೆರಾಗಳಿಗೆ ಫ್ಯೂಜಿಫಿಲ್ಮ್ ಕೊನೆಯವರೆಗೂ ಎಫ್‌ಪಿ-100ಸಿ ಎಂಬ ಫಿಲ್ಮ್ ಒದಗಿಸುತ್ತಿತ್ತು. 2016ರಲ್ಲಿ ಅದನ್ನು ನಿಲ್ಲಿಸುವುದಾಗಿ ಘೋಷಿಸಿತು. ಕೊಡ್ಯಾಕ್ ಕಂಪನಿ 1976ರಲ್ಲಿ ತಂದ ಇನ್‌ಸ್ಟಂಟ್ ಕ್ಯಾಮೆರಾಗಳು ಪೋಲರಾಯ್ಡ್ ಹೂಡಿದ ಪೇಟೆಂಟ್ ಮೊಕದ್ದಮೆಯಲ್ಲಿ ಸೋತು 1986ಕ್ಕೆ ಕೊನೆಗೊಂಡವು. ಅಗಲ ಚೌಕಟ್ಟಿನ ಪೋಲರಾಯ್ಡ್ ಸ್ಪೆಕ್ಟ್ರಾ ಫಿಲ್ಮ್ 2019ರಲ್ಲಿ ನಿಂತಿತು. ಈ ಮೂರು ಬಗೆಯ ಕ್ಯಾಮೆರಾ ಎಷ್ಟೇ ಅಗ್ಗಕ್ಕೆ ಸಿಕ್ಕರೂ ಚಿತ್ರ ತೆಗೆಯುವ ಆಸೆಯಿಂದ ಕೊಳ್ಳಬೇಡಿ. ಅವಧಿ ಮುಗಿದ ಹಳೆಯ ಪ್ಯಾಕುಗಳಲ್ಲಿ ಪೇಸ್ಟ್ ಒಣಗಿರಬಹುದು, ದುಡ್ಡು ಸುಮ್ಮನೆ ಹೋದೀತು.

ಉಳಿಯುವುದು ಎರಡು ಕುಟುಂಬ. ಒಂದು, ಪೋಲರಾಯ್ಡ್‌ನ ಎಸ್‌ಎಕ್ಸ್-70, 600 ಮತ್ತು ಈಗಿನ ಐ-ಟೈಪ್, ಗೋ ಎಂಬ ಫಿಲ್ಮುಗಳು ಮತ್ತು ಅವನ್ನು ಬಳಸುವ ಕ್ಯಾಮೆರಾಗಳು. ಪೋಲರಾಯ್ಡ್ 2008ರಲ್ಲಿ ಫಿಲ್ಮ್ ನಿಲ್ಲಿಸಿದಾಗ ನೆದರ್ಲೆಂಡ್ಸ್‌ನ ಎನ್‌ಸ್ಕೆಡೆ ಕಾರ್ಖಾನೆಯ ಯಂತ್ರಗಳನ್ನು ಇಂಪಾಸಿಬಲ್ ಪ್ರಾಜೆಕ್ಟ್ ಎಂಬ ತಂಡ ಕೊಂಡು, 2010ರಲ್ಲಿ ಮತ್ತೆ ಫಿಲ್ಮ್ ತಂದಿತು. ಇಂದಿನ ಪೋಲರಾಯ್ಡ್ ಫಿಲ್ಮ್ ಅದರ ಮುಂದುವರಿಕೆ. ಹಳೆಯ ರಾಸಾಯನಿಕಗಳು ಸಿಗದೆ ಎಲ್ಲವನ್ನೂ ಹೊಸದಾಗಿ ರೂಪಿಸಬೇಕಾಗಿ ಬಂದದ್ದರಿಂದ ಹಳೆಯ ಆಲ್ಬಮ್ಮಿನ ಬಣ್ಣವೇ ಇಂದು ಬರಲಿ ಎಂದು ನಿರೀಕ್ಷಿಸುವಂತಿಲ್ಲ. ಎರಡನೆಯದು ಫ್ಯೂಜಿಫಿಲ್ಮ್‌ನ ಇನ್‌ಸ್ಟ್ಯಾಕ್ಸ್. 1998ರಲ್ಲಿ ಬಂದ ಇದರ ಮಿನಿ ಫಿಲ್ಮ್ ಇಂದಿಗೂ ಅದೇ ಅಳತೆಯಲ್ಲಿ ಬರುತ್ತಿದೆ. ಇಪ್ಪತ್ತು ವರ್ಷ ಹಳೆಯ ಇನ್‌ಸ್ಟ್ಯಾಕ್ಸ್ ಕ್ಯಾಮೆರಾಗೂ ಈ ವರ್ಷದ ಪ್ಯಾಕ್ ಹೊಂದುತ್ತದೆ. ಹಳೆಯದು ಬೇಕೆನ್ನುವವರು ಈ ದಾರಿಯನ್ನು ಮರೆತೇಬಿಡುತ್ತಾರೆ.

ಪೋಲರಾಯ್ಡ್ ಪ್ಯಾಕುಗಳಲ್ಲಿ ಗೊಂದಲ ಹೆಚ್ಚು. ಎಸ್‌ಎಕ್ಸ್-70 ಮತ್ತು 600 ಪ್ಯಾಕುಗಳ ತಳದಲ್ಲಿ 6 ವೋಲ್ಟ್‌ನ ಚಪ್ಪಟೆ ಬ್ಯಾಟರಿ ಇರುತ್ತದೆ. ಹಳೆಯ ಕ್ಯಾಮೆರಾದ ಮೋಟರು, ಬೆಳಕು ಅಳೆಯುವ ಮೀಟರು, ಫ್ಲ್ಯಾಶ್ ಎಲ್ಲ ನಡೆಯುವುದು ಅದರಿಂದಲೇ. ಐ-ಟೈಪ್ ಪ್ಯಾಕಿನಲ್ಲಿ ಬ್ಯಾಟರಿ ಇಲ್ಲ, ಏಕೆಂದರೆ ಹೊಸ ಕ್ಯಾಮೆರಾಗಳಿಗೆ ತಮ್ಮದೇ ಚಾರ್ಜ್ ಮಾಡುವ ಬ್ಯಾಟರಿ ಇದೆ. ಐ-ಟೈಪ್ ಪ್ಯಾಕನ್ನು ಹಳೆಯ 600 ಕ್ಯಾಮೆರಾಗೆ ಹಾಕಿದರೆ ಅದು ಮಿಸುಕುವುದೇ ಇಲ್ಲ. 600 ಪ್ಯಾಕನ್ನು ಐ-ಟೈಪ್ ಬಳಸುವ ಹೊಸ ಪೋಲರಾಯ್ಡ್ ನೌ ಕ್ಯಾಮೆರಾಗೆ ಹಾಕಿದರೆ ಸರಿಯಾಗಿಯೇ ನಡೆಯುತ್ತದೆ, ಬೇಡದ ಬ್ಯಾಟರಿಗೆ ದುಡ್ಡು ಕೊಟ್ಟಂತಾಗುತ್ತದೆ ಅಷ್ಟೆ.

ಹಂತ 2: ಎರಡೂ ಫಿಲ್ಮುಗಳ ಗುಣ ತಿಳಿಯಿರಿ

ಪೋಲರಾಯ್ಡ್ ಪ್ಯಾಕಿನಲ್ಲಿ 8 ಹಾಳೆ, ಪುಟ್ಟ ಗೋ ಫಿಲ್ಮ್ ಬಿಟ್ಟರೆ ಚಿತ್ರದ ಅಳತೆ ಸುಮಾರು 79 ಮಿ.ಮೀ. ಚೌಕ. ಇನ್‌ಸ್ಟ್ಯಾಕ್ಸ್ ಪ್ಯಾಕಿನಲ್ಲಿ 10 ಹಾಳೆ. ಅದರ ಮಿನಿ ಚಿತ್ರ 62×46 ಮಿ.ಮೀ., ಸ್ಕ್ವೇರ್ 62×62, ವೈಡ್ 62×99. ಚೌಕಕ್ಕೆ ಚೌಕ ಇಟ್ಟು ನೋಡಿದರೆ ಪೋಲರಾಯ್ಡ್ ಚಿತ್ರದ ವಿಸ್ತೀರ್ಣ ಒಂದೂವರೆ ಪಟ್ಟಿಗಿಂತ ಹೆಚ್ಚು. ಕೈಯಲ್ಲಿ ಹಿಡಿದಾಗ ಈ ವ್ಯತ್ಯಾಸ ಚೆನ್ನಾಗಿಯೇ ಗೊತ್ತಾಗುತ್ತದೆ.

ಇನ್‌ಸ್ಟ್ಯಾಕ್ಸ್ ಚಿತ್ರ ಸುಮಾರು ಒಂದೂವರೆ ನಿಮಿಷದಲ್ಲಿ ಮೂಡುತ್ತದೆ, 5ರಿಂದ 40 ಡಿಗ್ರಿ ಸೆಲ್ಸಿಯಸ್ ಶಾಖದವರೆಗೂ ತಾಳಿಕೊಳ್ಳುತ್ತದೆ, ಬಣ್ಣ ಸ್ವಚ್ಛ. ಪೋಲರಾಯ್ಡ್ ಬಣ್ಣದ ಚಿತ್ರಕ್ಕೆ 10ರಿಂದ 15 ನಿಮಿಷ ಬೇಕು, ಅದಕ್ಕೆ ಹಿತವಾದದ್ದು 13ರಿಂದ 28 ಡಿಗ್ರಿ. ಚಳಿಯಲ್ಲಿ ತೆಗೆದರೆ ಚಿತ್ರ ಪೇಲವವಾಗಿ ನೀಲಿ-ಹಸಿರಿನತ್ತ ತಿರುಗುತ್ತದೆ, ಸೆಕೆಯಲ್ಲಿ ಹಳದಿ-ಕೆಂಪಿನತ್ತ. ಪೇಸ್ಟಿನೊಳಗಿನ ರಾಸಾಯನಿಕ ಕ್ರಿಯೆಯ ವೇಗ ಶಾಖದ ಜೊತೆ ಬದಲಾಗುವುದೇ ಇದಕ್ಕೆ ಕಾರಣ. ಚಳಿಯಿದ್ದಾಗ ಹೊರಬಂದ ಚಿತ್ರವನ್ನು ಮುಖ ಕೆಳಗಾಗಿಸಿ, ಬಗ್ಗದಂತೆ, ಒಳಜೇಬಿನ ಬೆಚ್ಚನೆಯಲ್ಲಿ ಇಡಬೇಕು.

ಪೋಲರಾಯ್ಡ್ ಹಾಳೆ ಹೊರಬಂದ ಮೊದಲ ಕ್ಷಣಗಳಲ್ಲಿ ಬೆಳಕು ಬೀಳಬಾರದು. ಹೊಸ ಕ್ಯಾಮೆರಾಗಳಲ್ಲಿ ಇದಕ್ಕೆಂದೇ ನಾಲಗೆಯಂತೆ ಚಾಚಿಕೊಳ್ಳುವ ಕಪ್ಪು ಪರದೆ ಇದೆ. ಹಳೆಯವಕ್ಕೆ ಇಲ್ಲ, ಪ್ರತ್ಯೇಕವಾಗಿ ಕೊಂಡು ಕೂರಿಸಿಕೊಳ್ಳಬಹುದು. ಅದಿಲ್ಲವೆಂದರೆ ಹಾಳೆ ಹೊರಬರುವ ಕಡೆ ಅಂಗೈ ಅಡ್ಡ ಹಿಡಿಯಿರಿ, ಆದರೆ ಹಾಳೆಗೆ ಕೈ ತಾಗಿಸಬೇಡಿ. ಚಿತ್ರವನ್ನು ಅಲುಗಾಡಿಸಿದರೆ ಬೇಗ ಮೂಡುತ್ತದೆ ಎಂಬುದು ತಪ್ಪು. ಪೇಸ್ಟ್ ಇನ್ನೂ ಒದ್ದೆಯಿರುವಾಗ ಹಾಳೆ ಬಗ್ಗಿದರೆ ಪದರಗಳು ಬಿಟ್ಟುಕೊಂಡು ಕಲೆಯಾಗುತ್ತದೆ.

ಹಂತ 3: ಹಳೆಯ ಕ್ಯಾಮೆರಾವನ್ನು ಕೊಳ್ಳುವ ಮುನ್ನ ಪರೀಕ್ಷಿಸಿ

ಇದಕ್ಕೆ ಬೇಕಾದ್ದು ಖಾಲಿಯಾದ ಒಂದು 600 ಪ್ಯಾಕ್. ಎಂಟು ಚಿತ್ರ ಮುಗಿದ ಮೇಲೂ ಅದರ ಬ್ಯಾಟರಿಯಲ್ಲಿ ಸಾಮಾನ್ಯವಾಗಿ ಸಾಕಷ್ಟು ಶಕ್ತಿ ಉಳಿದಿರುತ್ತದೆ. ಹೊಸ ಪ್ಯಾಕ್ ಹಾಳುಮಾಡದೆ ಕ್ಯಾಮೆರಾ ನೋಡಲು ಇದಕ್ಕಿಂತ ಒಳ್ಳೆಯ ಉಪಾಯವಿಲ್ಲ.

ಮೊದಲು ಬಾಗಿಲು ತೆರೆದು ಒಳಗೆ ನೋಡಿ. ತಳದಲ್ಲಿರುವ ಎರಡು ಪುಟ್ಟ ಲೋಹದ ಸ್ಪ್ರಿಂಗುಗಳು ಹೊಳೆಯುತ್ತಿರಬೇಕು. ಹಸಿರು ಕಿಲುಬು ಹತ್ತಿದ್ದರೆ ಹಿಂದಿನವರು ಪ್ಯಾಕನ್ನು ವರ್ಷಗಟ್ಟಲೆ ಒಳಗೇ ಬಿಟ್ಟಿದ್ದಾರೆ ಎಂದರ್ಥ. ತೆಳ್ಳಗಿದ್ದರೆ ಸ್ಪಿರಿಟ್ ಹತ್ತಿಯಿಂದ ಒರೆಸಿದರೆ ಹೋಗುತ್ತದೆ, ಲೋಹವನ್ನೇ ತಿಂದಿದ್ದರೆ ಆ ಕ್ಯಾಮೆರಾ ಬೇಡ. ಆಮೇಲೆ ಬಾಗಿಲಿನ ಬದಿಯಲ್ಲಿರುವ ರೋಲರ್‌ಗಳನ್ನು ಬೆರಳಿನಿಂದ ಮೆಲ್ಲನೆ ಒಂದು ಸುತ್ತು ತಿರುಗಿಸಿ. ಒಣಗಿದ ಪೇಸ್ಟ್ ಕಂದು ಹೊಪ್ಪಳೆಯಂತೆ ಅಂಟಿಕೊಂಡಿರುವುದುಂಟು. ನೀರಿನಲ್ಲಿ ಅದ್ದಿ ಹಿಂಡಿದ ಮೆತ್ತನೆ ಬಟ್ಟೆಯಿಂದ ಒರೆಸಿದರೆ ಬಿಡುತ್ತದೆ. ಚಾಕು, ಉಗುರು ಬೇಡ, ಗೀರು ಬಿದ್ದರೆ ಮುಂದಿನ ಪ್ರತಿ ಚಿತ್ರದಲ್ಲೂ ಅದರ ಗುರುತು ಕಾಣುತ್ತದೆ.

ಈಗ ಖಾಲಿ ಪ್ಯಾಕ್ ಹಾಕಿ ಬಾಗಿಲು ಮುಚ್ಚಿ. ಮೋಟರು ಒಂದು ಸಲ ಗುರ್ರೆಂದು ತಿರುಗಿ ನಿಲ್ಲಬೇಕು, ನಡುವೆ ಎಳೆದಾಡಬಾರದು. 600 ಕ್ಯಾಮೆರಾದಲ್ಲಿ ಫ್ಲ್ಯಾಶ್ ಚಾರ್ಜ್ ಆಗುವ ಸಣ್ಣ ಸಿಳ್ಳಿನ ಸದ್ದು ಕೇಳುತ್ತದೆ. ಬಟನ್ ಒತ್ತಿ, ಶಟರ್ ತೆರೆದು ಮುಚ್ಚುವುದನ್ನು ಲೆನ್ಸಿನ ಎದುರಿನಿಂದ ನೋಡಿ. ನಂತರ ಬೆಳಕು ಅಳೆಯುವ ಕಣ್ಣನ್ನು ಬೆರಳಿನಿಂದ ಮುಚ್ಚಿ ಮತ್ತೆ ಒತ್ತಿ. ಫ್ಲ್ಯಾಶ್ ಇಲ್ಲದ ಎಸ್‌ಎಕ್ಸ್-70ರಲ್ಲಿ ಶಟರ್ ಬಹಳ ಹೊತ್ತು ತೆರೆದೇ ಇರಬೇಕು. ಎರಡು ಸಲವೂ ಒಂದೇ ವೇಗವಿದ್ದರೆ ಮೀಟರು ಕೆಟ್ಟಿದೆ.

ಮಡಚುವ ಎಸ್‌ಎಕ್ಸ್-70 ಆದರೆ ಇನ್ನೊಂದು ಪರೀಕ್ಷೆ ಬಾಕಿ. ಕತ್ತಲೆ ಕೋಣೆಯಲ್ಲಿ ಸಣ್ಣ ಟಾರ್ಚನ್ನು ಫಿಲ್ಮ್ ಬಾಗಿಲಿನೊಳಗಿಂದ ಮೇಲಕ್ಕೆ ಬೆಳಗಿಸಿ, ಹೊರಗಿನ ಕಪ್ಪು ರಬ್ಬರ್ ತಿದಿಯ ಮಡಿಕೆಗಳನ್ನು ಗಮನಿಸಿ. ಸೂಜಿಮೊನೆಯಷ್ಟು ಬೆಳಕು ತೂರಿ ಬಂದರೂ ಬಿಸಿಲಿನಲ್ಲಿ ಅದು ಚಿತ್ರದ ಮೇಲೆ ಬಿಳಿ ಬರೆ ಎಳೆಯುತ್ತದೆ. ಮೈಮೇಲಿನ ಚರ್ಮ ಕಿತ್ತುಬಂದಿದ್ದರೆ ತಲೆಕೆಡಿಸಿಕೊಳ್ಳಬೇಡಿ, ಅದನ್ನು ಬದಲಿಸಬಹುದು.

ಲೆಕ್ಕ ತೋರಿಸುವ ಕಿಂಡಿಯ ವಿಚಾರ: ಹಳೆಯ ಪ್ಯಾಕಿನಲ್ಲಿ 10 ಹಾಳೆ ಇರುತ್ತಿದ್ದವು. ಆದ್ದರಿಂದ ಇಂದಿನ 8 ಹಾಳೆ ಮುಗಿದಾಗ ಕೆಳಮುಖವಾಗಿ ಎಣಿಸುವ ಹಳೆಯ ಕ್ಯಾಮೆರಾ ಇನ್ನೂ ‘2’ ಎಂದು ತೋರಿಸುತ್ತದೆ. ಕೆಟ್ಟಿದೆ ಎಂದುಕೊಳ್ಳಬೇಡಿ.

ಹಂತ 4: ಲೆನ್ಸ್ ಮತ್ತು ಫೋಕಸ್ ಹೋಲಿಸಿ

ಹಳೆಯದೆಂದರೆ ಕೀಳು, ಹೊಸದೆಂದರೆ ಮೇಲು ಎಂಬ ಲೆಕ್ಕ ಇಲ್ಲಿ ತಲೆಕೆಳಗಾಗುತ್ತದೆ. 1972ರಲ್ಲಿ ಬಂದ ಎಸ್‌ಎಕ್ಸ್-70ಗೆ ನಾಲ್ಕು ಗಾಜುಗಳ 116 ಮಿ.ಮೀ. ಎಫ್/8 ಲೆನ್ಸ್ ಇದೆ. ಲೆನ್ಸ್ ಕಂಡದ್ದನ್ನೇ ಕಣ್ಣಿಗೆ ತೋರಿಸುವ ಎಸ್‌ಎಲ್‌ಆರ್ ಅದು. ಚಕ್ರ ತಿರುಗಿಸಿ 26 ಸೆ.ಮೀ. ಹತ್ತಿರದವರೆಗೂ ಫೋಕಸ್ ಮಾಡಬಹುದು. ಹೂವಿನ ಎಸಳು, ಕೈಬೆರಳ ಉಂಗುರ ಇಂಥವನ್ನು ತುಂಬು ಚೌಕಟ್ಟಿನಲ್ಲಿ ತೆಗೆಯಲು ಈಗಿನ ಸಾಮಾನ್ಯ ಮಾದರಿಗಳಲ್ಲಿ ಅದಕ್ಕೆ ಸಾಟಿಯಿಲ್ಲ. ಆದರೆ ಅದರ ಫಿಲ್ಮಿನ ವೇಗ (ಬೆಳಕಿಗೆ ಸ್ಪಂದಿಸುವ ಶಕ್ತಿ) ಕಡಿಮೆ, ಐಎಸ್‌ಒ 160, ಒಳಗಿನ ಮಂದ ಬೆಳಕಿನಲ್ಲಿ ಟ್ರೈಪಾಡ್ ಇಲ್ಲದೆ ಚಿತ್ರ ಅಲುಗಿಹೋಗುತ್ತದೆ. 640 ವೇಗದ 600 ಫಿಲ್ಮನ್ನು ಅದಕ್ಕೆ ಹಾಕುವುದಾದರೆ ಎರಡು ಸ್ಟಾಪ್ ಬೆಳಕು ತಡೆಯುವ, ಅಂದರೆ ಕಾಲು ಭಾಗ ಬೆಳಕನ್ನಷ್ಟೇ ಒಳಬಿಡುವ, ಎನ್‌ಡಿ ಫಿಲ್ಟರ್ ಬೇಕೇಬೇಕು.

1980ರ ದಶಕದ 600 ಪೆಟ್ಟಿಗೆ ಕ್ಯಾಮೆರಾಗಳಲ್ಲಿ ಬಹುಪಾಲಿನದು ಪ್ಲಾಸ್ಟಿಕ್ ಲೆನ್ಸ್, ಫೋಕಸ್ ಸ್ಥಿರ. 1.2 ಮೀಟರಿಗಿಂತ ಹತ್ತಿರ ಹೋದರೆ ಮುಖ ಮಸುಕು. ಕ್ಲೋಸ್‌ಅಪ್ ಲೆನ್ಸ್ ಜಾರಿಸುವ ಮಾದರಿಯಾದರೆ 60 ಸೆ.ಮೀ. ತನಕ ಹೋಗಬಹುದು. ದುಂಡನೆಯ ಚಿನ್ನದ ಬಣ್ಣದ ತಟ್ಟೆ ಇರುವ ಸೋನಾರ್ ಮಾದರಿಗಳು ಶಬ್ದದ ಪ್ರತಿಧ್ವನಿಯಿಂದ ದೂರ ಅಳೆದು ತಾವೇ ಫೋಕಸ್ ಮಾಡುತ್ತವೆ. ಕಿಟಕಿಯ ಗಾಜಿನಾಚೆ ಇರುವವರನ್ನು ಇವುಗಳಲ್ಲಿ ತೆಗೆಯಲು ಹೋಗಬೇಡಿ, ಶಬ್ದ ಗಾಜಿಗೇ ಬಡಿದು ಮರಳುವುದರಿಂದ ಫೋಕಸ್ ಗಾಜಿನ ಮೇಲೇ ನಿಲ್ಲುತ್ತದೆ.

ಹೊಸ ಪೋಲರಾಯ್ಡ್ ನೌ ತಾನೇ ಫೋಕಸ್ ಮಾಡುತ್ತದೆ, ಯೋಚನೆಯಿಲ್ಲದೆ ಬಳಸಬಹುದು. 2023ರ ಪೋಲರಾಯ್ಡ್ ಐ-2ರಲ್ಲಿ ಅಪರ್ಚರ್ (ಲೆನ್ಸಿನ ಕಿಂಡಿಯ ಅಗಲ) ಮತ್ತು ಶಟರ್ ವೇಗ ಎರಡನ್ನೂ ಕೈಯಿಂದ ನಿಗದಿ ಮಾಡಬಹುದು. ಇನ್‌ಸ್ಟ್ಯಾಕ್ಸ್ ಮಿನಿ 12ರಲ್ಲಿ ಲೆನ್ಸಿನ ಕೊಳವೆ ತಿರುಗಿಸಿದರೆ 30ರಿಂದ 50 ಸೆ.ಮೀ. ಹತ್ತಿರದ ಚಿತ್ರ ಬರುತ್ತದೆ, ಆದರೆ ಅದರ ಫ್ಲ್ಯಾಶ್ ನಿಲ್ಲಿಸಲು ಆಗದು. ಫ್ಲ್ಯಾಶ್ ಬೇಡವೆನ್ನುವವರಿಗೆ ಮಿನಿ 90ರಂಥದ್ದೇ ಬೇಕು. ಇನ್‌ಸ್ಟ್ಯಾಕ್ಸ್ ಮಿನಿ ಇವೊ ಮೊದಲು ಡಿಜಿಟಲ್ ಚಿತ್ರ ತೆಗೆದು, ಆರಿಸಿದ್ದನ್ನು ಮಾತ್ರ ಫಿಲ್ಮಿಗೆ ಇಳಿಸುತ್ತದೆ. ಹಾಳೆ ಉಳಿಯುತ್ತದೆ ನಿಜ, ಆದರೆ ಈ ಹೋಲಿಕೆಯಲ್ಲಿ ಅದನ್ನು ಪ್ರಿಂಟರ್ ಎಂದೇ ಎಣಿಸುವುದು ಸರಿ.

ಹಂತ 5: ಒಂದೇ ದೃಶ್ಯ, ಎರಡು ಕ್ಯಾಮೆರಾ

ಎರಡೂ ಕೈಗೆ ಸಿಕ್ಕರೆ ಪ್ರತಿ ಕ್ಯಾಮೆರಾಗೆ ಮೂರು ಹಾಳೆ ಮೀಸಲಿಡಿ. ಮೊದಲನೆಯದು ಹೊರಗೆ: ಸೂರ್ಯ ಬೆನ್ನ ಹಿಂದಿರಲಿ, ವ್ಯಕ್ತಿ ಒಂದೂವರೆ ಮೀಟರ್ ದೂರ, ಚಿತ್ರವನ್ನು ತಿಳಿಯಾಗಿಸುವ ಅಥವಾ ಗಾಢವಾಗಿಸುವ ಬೆಳಕಿನ ಗುಂಡಿ ಮಧ್ಯದಲ್ಲಿ. ಎರಡನೆಯದು ನೆರಳಿನಲ್ಲಿ, ವ್ಯಕ್ತಿಯ ಹಿಂದೆ ಆಕಾಶ ಕಾಣುವಂತೆ. ಇನ್‌ಸ್ಟಂಟ್ ಫಿಲ್ಮ್ ಬೆಳಕಿನ ಏರುಪೇರನ್ನು ಸಹಿಸುವುದು ಕಡಿಮೆ, ಮುಖ ಮತ್ತು ಆಕಾಶ ಎರಡನ್ನೂ ಯಾವ ಕ್ಯಾಮೆರಾ ಹೇಗೆ ನಿಭಾಯಿಸುತ್ತದೆ ಎಂಬುದು ಇಲ್ಲಿ ಬಯಲಾಗುತ್ತದೆ. ಮೂರನೆಯದು ಮನೆಯೊಳಗೆ ಫ್ಲ್ಯಾಶ್ ಹಾಕಿ, ಎರಡು ಮೀಟರ್ ಒಳಗೆ.

ಪ್ರತಿ ಹಾಳೆಯ ಹಿಂದೆ ಕ್ಯಾಮೆರಾ, ದೂರ, ಗುಂಡಿಯ ಸ್ಥಾನ ಬರೆದುಕೊಳ್ಳಿ. ಒದ್ದೆ ಚಿತ್ರಗಳನ್ನು ಹೋಲಿಸಬೇಡಿ, ಪೋಲರಾಯ್ಡ್ ಬಣ್ಣ ನಿಲ್ಲಲು ಹೊತ್ತು ಬೇಕು. ಮರುದಿನ ಎಲ್ಲವನ್ನೂ ಕಿಟಕಿಯ ಬೆಳಕಿನಲ್ಲಿ ಸಾಲಾಗಿ ಇಟ್ಟು ಮೊದಲು ಮುಖದ ಬಣ್ಣ, ಆಮೇಲೆ ಕಪ್ಪು ಕೂದಲಿನ ಎಳೆಗಳು ಕಾಣುತ್ತವೆಯೇ, ಕೊನೆಗೆ ಬಿಳಿ ಬಟ್ಟೆಯ ನೆರಿಗೆ ಉಳಿದಿದೆಯೇ ಎಂದು ನೋಡಿ.

ಸಮಾರಂಭ, ಮಕ್ಕಳು, ತಪ್ಪದ ಫಲಿತಾಂಶ ಬೇಕೆನ್ನುವವರಿಗೆ ಇನ್‌ಸ್ಟ್ಯಾಕ್ಸ್ ಸಾಕು. ದೊಡ್ಡ ಚಿತ್ರ, ಮೆದು ಬಣ್ಣ ಬೇಕು, ರಿಪೇರಿಯ ಗೋಜು ಬೇಡ ಎನ್ನುವವರಿಗೆ ಹೊಸ ಪೋಲರಾಯ್ಡ್. ನಿಧಾನವಾಗಿ, ಕಣ್ಣಿಟ್ಟು ಫೋಕಸ್ ಮಾಡುವ ತಾಳ್ಮೆ ಇರುವವರಿಗೆ ಪರಿಣತರು ಸರ್ವಿಸ್ ಮಾಡಿದ ಎಸ್‌ಎಕ್ಸ್-70. ಈ ಮೂರರಲ್ಲಿ ಕಲಿಸುವುದು ಹೆಚ್ಚು ಅದೇ.

ಚಿತ್ರ ಕೆಟ್ಟರೆ

ಇಡೀ ಹಾಳೆ ಬೆಳ್ಳಗಾದರೆ ಬೆಳಕು ಹೆಚ್ಚಾಗಿದೆ. ಪ್ಯಾಕ್ ಮುಗಿಯುವ ಮುನ್ನ ಬಾಗಿಲು ತೆರೆದಿರಬಹುದು, ಇಲ್ಲವೆ ಬೆರಳು ಬೆಳಕಿನ ಕಣ್ಣನ್ನು ಮುಚ್ಚಿ ಕ್ಯಾಮೆರಾಗೆ ಕತ್ತಲೆಯ ಭ್ರಮೆ ಹುಟ್ಟಿಸಿರಬಹುದು. ಕಪ್ಪಾದರೆ ಬೆಳಕು ಒಳಗೇ ಬಂದಿಲ್ಲ: ಶಟರ್ ಅಂಟಿದೆ ಅಥವಾ ಫ್ಲ್ಯಾಶ್ ಹೊತ್ತಿಲ್ಲ. ಸಮ ಅಂತರದಲ್ಲಿ ಮತ್ತೆ ಮತ್ತೆ ಚುಕ್ಕೆ ಬಿದ್ದರೆ ರೋಲರ್ ಮೇಲೆ ಕೊಳೆ ಇದೆ, ಪ್ರತಿ ಸುತ್ತಿಗೊಮ್ಮೆ ಅದೇ ಜಾಗ ಹಾಳೆಗೆ ಒತ್ತುತ್ತಿದೆ. ಮೂಲೆಯಲ್ಲಿ ಚಿತ್ರವೇ ಮೂಡದಿದ್ದರೆ ಪೇಸ್ಟ್ ಅಲ್ಲಿಗೆ ತಲುಪಿಲ್ಲ. ಹಳೆಯ ಫಿಲ್ಮ್, ಚಳಿ, ಹಾಳೆ ಹೊರಬರುವಾಗ ಬೆರಳು ಅಡ್ಡ ಬಂದದ್ದು, ಈ ಮೂರರಲ್ಲಿ ಒಂದು ಕಾರಣ. ಇನ್‌ಸ್ಟ್ಯಾಕ್ಸ್ ಪ್ಯಾಕ್ ಹಾಕುವಾಗ ಹಳದಿ ಗುರುತುಗಳನ್ನು ಹೊಂದಿಸಿ, ಅಂಚು ಹಿಡಿದು ಕೂರಿಸಿ. ಬೆನ್ನಿನ ಎರಡು ಆಯತಾಕಾರದ ತೂತುಗಳನ್ನು ಒತ್ತಬೇಡಿ.

ಪೇಸ್ಟ್ ಕ್ಷಾರ. ಹಾಳೆ ಹರಿದು ಕೈಗೆ ಹತ್ತಿದರೆ ತಕ್ಷಣ ಧಾರಾಳ ನೀರಿನಲ್ಲಿ ತೊಳೆಯಿರಿ, ಮಕ್ಕಳ ಕೈಗೆ ಹರಿದ ಹಾಳೆ ಕೊಡಬೇಡಿ. ಪೋಲರಾಯ್ಡ್ ಪ್ಯಾಕಿನ ಮೇಲೆ ತಯಾರಾದ ತಿಂಗಳು ಮುದ್ರಿಸಿರುತ್ತಾರೆ, ಅಲ್ಲಿಂದ ಒಂದು ವರ್ಷದೊಳಗೆ ಬಳಸಿ. ಅಲ್ಲಿಯವರೆಗೆ ಫ್ರಿಜ್ಜಿನಲ್ಲಿ ಮಲಗಿಸಿ ಇಡಿ, ಫ್ರೀಜರಿನಲ್ಲಿ ಮಾತ್ರ ಬೇಡ: ಪೇಸ್ಟ್ ಹೆಪ್ಪುಗಟ್ಟಿದರೆ ಪೊಟ್ಟಣ ಕೆಡುತ್ತದೆ. ಬಳಸುವ ಒಂದೆರಡು ಗಂಟೆ ಮೊದಲೇ ಹೊರತೆಗೆದು, ಕೋಣೆಯ ಶಾಖಕ್ಕೆ ಬಂದ ಮೇಲೆಯೇ ಲಕೋಟೆ ಒಡೆಯಿರಿ.